ಕಟ್ಟು ಹಾಕಿಸಿದ ಕರಾರು

ಆ ಬೀದಿಯವರೆಲ್ಲ ಅವಳನ್ನು ಕಟ್ಟಿನಕ್ಕ ಎಂದೇ ಕರೆಯುತ್ತಿದ್ದರು. ಫೋಟೋಗಳಿಗೆ, ಪ್ರಮಾಣಪತ್ರಗಳಿಗೆ, ಕ್ಯಾಲೆಂಡರಿನ ಚಿತ್ರಗಳಿಗೆ ಕಟ್ಟು ಹಾಕಿಕೊಡುವುದು ಅವಳ ಕಸುಬು. ಮರ ಕೊಯ್ದು ಮೂಲೆ ಕೂಡಿಸುವುದು, ಹಿಂದಿನ ರಟ್ಟು ಕತ್ತರಿಸುವುದು ಅವಳ ಪಾಲಿನ ಕೆಲಸ. ಗಾಜು ಕೊಯ್ಯುವುದು ಗಂಡನದು. ಗಂಡನಿಗೆ ಕಿವಿ ಮಂದ. ಗಾಜಿನ ಮೇಲೆ ಗೆರೆ ಎಳೆಯುವಾಗ ಮಾತಾಡಬಾರದು ಎಂದು ಮದುವೆಯಾದ ಹೊಸದರಲ್ಲಿ ಮಾಡಿಕೊಂಡ ನಿಯಮ ಬರಬರುತ್ತಾ ಇಡೀ ಸಂಸಾರಕ್ಕೇ ಹಬ್ಬಿ, ಈಗ ಅವರಿಬ್ಬರ ನಡುವೆ ಮಾತಿಗಿಂತ ಸನ್ನೆಯೇ ಹೆಚ್ಚಾಗಿತ್ತು.

ಮೂರು ವರ್ಷದಿಂದ ಅವಳ ಬಲಗೈ ಮಣಿಕಟ್ಟು ಮುಷ್ಕರ ಹೂಡಿತ್ತು. ಗರಗಸ ಹಿಡಿದರೆ ಮೊಣಕೈವರೆಗೂ ಬೆಂಕಿ ಹತ್ತಿದ ಹಾಗಾಗುತ್ತಿತ್ತು. ಇನ್ನು ಕೊಯ್ಯುವ ಕೆಲಸ ಸಾಕು ಎಂದು ಡಾಕ್ಟರು ಹೇಳಿದ ಮೇಲೆ ಗಂಡಹೆಂಡತಿ ಯೋಚನೆ ಮಾಡಿ, ಅಂಗಡಿಯ ಹಿಂದಿದ್ದ ಮರದ ಗೋದಾಮು ಮಾರಿದರು. ಮಿಕ್ಕ ಮರವೆಲ್ಲ ಮನೆಯೊಳಗೆ ಬಂತು. ಸೋಫಾದ ಹಿಂದೆ, ಮಂಚದ ಕೆಳಗೆ, ಬಚ್ಚಲಿನ ಬಾಗಿಲ ಪಕ್ಕ ಎಲ್ಲೆಲ್ಲೂ ಉದ್ದುದ್ದ ಪಟ್ಟಿಗಳು. ಗೋದಾಮಿನ ಹಣ ಬ್ಯಾಂಕಿಗೆ ಹೋಯಿತು. ಅದೇ ಮುಂದಿನ ಬದುಕು. ಅದು ಹೋದರೆ ಮತ್ತೆ ಗರಗಸ ಹಿಡಿಯಬೇಕು. ಹಿಡಿಯೋಣವೆಂದರೆ ಕೈ ಕೇಳುವುದಿಲ್ಲ.

ಅವಳಿಗೊಬ್ಬ ತಮ್ಮ. ಚಿಕ್ಕಂದಿನಲ್ಲಿ ನಿಂತಲ್ಲಿ ನಿಲ್ಲದೆ ಗಿರ್ರನೆ ತಿರುಗುತ್ತಿದ್ದುದಕ್ಕೆ ಬುಗುರಿ ಎಂದು ಹೆಸರು ಬಿದ್ದಿತ್ತು. ಐವತ್ತು ದಾಟಿದ ಮೇಲೂ ಹೆಸರೂ ಬಿಟ್ಟಿರಲಿಲ್ಲ, ಗುಣವೂ ಬಿಟ್ಟಿರಲಿಲ್ಲ. ನೀರೆತ್ತುವ ಪಂಪು ಮಾರುವ ಕೆಲಸದಲ್ಲಿದ್ದವನು ಒಂದು ದಿನ ಅದನ್ನು ಬಿಟ್ಟು, ಸಣ್ಣ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಬಾಗಿಲ ಮೇಲೆ ‘ಹೂಡಿಕೆ ಸಲಹೆ’ ಎಂದು ಹಲಗೆ ತೂಗುಹಾಕಿದ. ಮೊದಲ ಸಲಹೆ ಅಕ್ಕನಿಗೇ ಬಂತು.

"ಅಕ್ಕ, ನಿನ್ನ ದುಡ್ಡು ಬ್ಯಾಂಕಲ್ಲಿ ಮಲಗಿಬಿಟ್ಟಿದೆ. ಮಲಗಿರೋ ದುಡ್ಡು ಸಣ್ಣಗಾಗುತ್ತೆ."

"ಮಲಗಿದ್ರೆ ಮೈ ಬರುತ್ತಲ್ವೇನೋ?"

"ತಮಾಷೆ ಬೇಡ. ಹೊರದೇಶದಲ್ಲಿ ಜಾಗ ಇದೆ. ಬಂದರಿನ ಹತ್ತಿರ. ನಾಳೆ ಅಲ್ಲಿ ಗೋದಾಮುಗಳು ಬರ್ತವೆ. ನೀನು ಒಂದು ಗೋದಾಮು ಮಾರಿದೆ, ಹತ್ತು ಗೋದಾಮಿನ ಬಾಡಿಗೆ ಕೂತ್ಕೊಂಡು ತಿಂತೀಯ. ನಂದೂ ಅರ್ಧ, ನಿಂದೂ ಅರ್ಧ."

ಗಂಡ ಗಾಜಿನ ಮೇಲಿಂದ ತಲೆ ಎತ್ತಿದ. "ಏನಂತೆ?"

"ಜಾಗ ಅಂತೆ!" ಎಂದು ಅವಳು ಕೂಗಿದಳು.

"ಯಾರ ಜಾಗ?"

"ನಮ್ಮದಾಗುತ್ತಂತೆ!"

"ಈಗ ಯಾರದು?"

ಬುಗುರಿ ಅಕ್ಕನ ಕಡೆ ಬಾಗಿ ಮೆಲ್ಲಗೆ ಹೇಳಿದ: "ಭಾವಂಗೆ ಸರಿಯಾಗಿ ಕೇಳಿಸಲ್ಲ ಪಾಪ. ಆಮೇಲೆ ನೀನೇ ಬಿಡಿಸಿ ಹೇಳು."

ಬಿಡಿಸಿ ಹೇಳಲು ಅವಳಿಗೇ ಅರ್ಥವಾಗಿರಲಿಲ್ಲ. ತಿಳಿದದ್ದು ಇಷ್ಟು: ಆ ದೇಶದಲ್ಲಿ ನಮ್ಮ ಕಡೆಯವನೇ ಒಬ್ಬನಿದ್ದಾನೆ, ಹೋಗಿ ಇಪ್ಪತ್ತು ವರ್ಷವಾಯಿತು, ಜಾಗ ಕೊಡಿಸುತ್ತಾನೆ. ಬುಗುರಿ ಅವನನ್ನು ಸಲಹೆಗಾರರು ಎನ್ನುತ್ತಿದ್ದ. ಗಂಡ ದಲ್ಲಾಳಿ ಎನ್ನುತ್ತಿದ್ದ. ಫೋನಿನ ಪರದೆಯಲ್ಲಿ ಅವನ ಮುಖ ನಗುನಗುತ್ತಾ ಕಾಣಿಸಿಕೊಂಡು ‘ಅಮ್ಮಾ’ ಎಂದಾಗ, ನಮ್ಮ ಮಾತಾಡುವವನು ನಮಗೆ ಕೇಡು ಬಗೆಯುತ್ತಾನೆಯೇ ಎಂದು ಅವಳ ಮನಸ್ಸು ಮೆತ್ತಗಾಯಿತು. ಅಕ್ಕ ತಮ್ಮ ಇಬ್ಬರ ಹೆಸರಿನಲ್ಲಿ ಒಂದು ಜಂಟಿ ಖಾತೆ ತೆರೆದು, ಗೋದಾಮಿನ ಹಣವನ್ನೆಲ್ಲ ಅಲ್ಲಿಗೆ ಹಾಕಿದರು. ಮುಂಗಡವೆಂದು ಒಂದು ಪಾಲು ಆಗಲೇ ಹೋಯಿತು. ಉಳಿದದ್ದು ಆ ದೇಶಕ್ಕೆ ಹೋಗಿ ಸಹಿ ಹಾಕಿದ ದಿನ ಕೊಡತಕ್ಕದ್ದು.

ಹದಿನೈದು ದಿನಕ್ಕೆ ಕೊರಿಯರಿನಲ್ಲಿ ಕರಾರು ಪತ್ರ ಬಂತು. ದಪ್ಪ ಕೆನೆಬಣ್ಣದ ಹಾಳೆ, ನೀಲಿ ಮೊಹರು, ತಲೆಬುಡ ತಿಳಿಯದ ಅಕ್ಷರ. ಬುಗುರಿ ಅದನ್ನು ಅಕ್ಕನ ಕೈಗಿಟ್ಟು, "ಅಂಗಡಿಯ ಕಬ್ಬಿಣದ ಬೀರುವಿನಲ್ಲಿ ಭದ್ರವಾಗಿ ಇಟ್ಟಿರು" ಎಂದು ಹೇಳಿಹೋದ.

ಕಟ್ಟಿನಕ್ಕನ ಮೇಜಿಗೆ ಬಂದ ಕಾಗದ ಬೀರುವಿಗೆ ಹೋಗುವುದುಂಟೇ? ಅಷ್ಟು ಚಂದದ ಮೊಹರು ಕತ್ತಲಲ್ಲಿ ಇದ್ದು ಏನು ಪ್ರಯೋಜನ? ತಮ್ಮನ ಹೊಸ ಕೋಣೆಯ ಗೋಡೆ ಬೋಳು ಬೋಳಾಗಿದೆ, ಅಲ್ಲಿಗೊಂದು ಕಾಣಿಕೆಯಾದೀತು ಎಂದುಕೊಂಡು, ನೋಯುವ ಕೈಯಲ್ಲೇ ತೇಗದ ಪಟ್ಟಿ ಕೊಯ್ದಳು. ಆಮೇಲೆ ಹಾಳೆಯ ಮೇಲೆ ಮೂಲೆಮಟ್ಟ ಇಟ್ಟಳು. ಯಾವ ಕಾಗದ ಬಂದರೂ ಅವಳು ಮೊದಲು ಮಾಡುವುದು ಅದನ್ನೇ. ಲೋಕದ ಯಾವ ಹಾಳೆಯೂ ಸರಿಯಾಗಿ ಚೌಕವಾಗಿರುವುದಿಲ್ಲ ಎನ್ನುವುದು ಅವಳು ಮೂವತ್ತು ವರ್ಷದಲ್ಲಿ ಕಂಡುಕೊಂಡ ಸತ್ಯ. ಇದೂ ಇರಲಿಲ್ಲ. ಎಡಗಡೆಯ ಅಂಚು ಒಂದು ಕೂದಲಿನಷ್ಟು ವಾಲಿತ್ತು. ಆ ಅಂಚಿನಲ್ಲೇ ಇರುವೆ ಸಾಲಿನಂಥ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹತ್ತಿಕೊಂಡು ಹೋಗಿದ್ದವು. ಕ್ಯಾಲೆಂಡರಿನ ಚಿತ್ರಗಳಲ್ಲಿ ಅಚ್ಚು ಹಾಕಿದವರು ತಮ್ಮ ಹೆಸರನ್ನು ಹೀಗೆಯೇ ಅಂಚಿಗೆ ತುರುಕಿರುತ್ತಾರೆ. ಅಂಥ ಸಾವಿರ ಹೆಸರುಗಳನ್ನು ಅವಳು ಕತ್ತರಿಸಿ ಎಸೆದಿದ್ದಳು. ಇದನ್ನೂ ಅರ್ಧ ಬೆರಳಗಲ ಕತ್ತರಿಸಿದಳು. ಚೂರು ಅಂಟು ಕಾಯಿಸುವ ಒಲೆಗೆ ಹೋಯಿತು.

ತನ್ನ ಕೋಣೆಯ ಗೋಡೆಯ ಮೇಲೆ ಅದನ್ನು ಕಂಡ ಬುಗುರಿ ಕಟ್ಟಿನ ನಾಲ್ಕೂ ಮೂಲೆ ಸವರಿ ನೋಡಿದ. "ಅಕ್ಕ, ಇಂಥದ್ದು ನೀನಲ್ಲದೆ ಇನ್ಯಾರು ಮಾಡ್ತಾರೆ" ಎಂದ. ಆ ಮಾತು ನಿಜವೆಂದು ಹೊರಡುವ ವಾರ ಗೊತ್ತಾಯಿತು. ಮೂಲಪತ್ರ ತನ್ನಿ ಎಂದು ದಲ್ಲಾಳಿ ಹೇಳಿದ್ದಕ್ಕೆ ಬುಗುರಿ ಫೋನಿನಲ್ಲಿದ್ದ ಫೋಟೋವನ್ನೂ ಗೋಡೆಯ ಮೇಲಿನ ಪತ್ರವನ್ನೂ ಜೊತೆಗಿಟ್ಟು ನೋಡಿ, ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಡಿಗೆ ಓಡಿಬಂದ.

"ಅಕ್ಕಾ! ಇದರ ಎಡಗಡೆ ಅಂಚು ಎಲ್ಲಿ?"

"ಸೊಟ್ಟಗಿತ್ತು."

"ಸೊಟ್ಟಗಿದ್ರೆ?"

"ಕತ್ತರಿಸಿದೆ."

"ಯಾರಾದ್ರೂ ಕರಾರು ಪತ್ರ ಕತ್ತರಿಸ್ತಾರಾ?"

"ಯಾರಾದ್ರೂ ಕರಾರು ಪತ್ರನ ಸೊಟ್ಟಗೆ ಕತ್ತರಿಸಿ ಕಳಿಸ್ತಾರಾ?"

ಫೋಟೋದಲ್ಲಿ ಅಂಚೇನೋ ಇತ್ತು. ಆದರೆ ಅದರ ಮೇಲೆ ಹಾಳೆ ಹಿಡಿದಿದ್ದ ಬುಗುರಿಯ ಹೆಬ್ಬೆರಳು ಠೀವಿಯಿಂದ ಕೂತಿತ್ತು. ಕೊನೆಗೆ ದಲ್ಲಾಳಿಗೆ ಫೋನು ಹಚ್ಚಿದರು. ಅವನು ಅಂಚು ಪೂರ್ತಿ ಹೋಗಿದೆಯೇ ಎಂದು ಎರಡು ಸಲ ಕೇಳಿ, ಆಮೇಲೆ ನಕ್ಕುಬಿಟ್ಟ.

"ಅಮ್ಮಾ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಅಂಚಲ್ಲಿ ಏನೂ ಇರ್ಲಿಲ್ಲ. ಅಚ್ಚು ಹಾಕಿದೋರ ಹೆಸರು ಅಷ್ಟೇ."

"ನಾನು ಹೇಳ್ಲಿಲ್ವಾ?" ಎಂದು ಕಟ್ಟಿನಕ್ಕ ತಮ್ಮನ ಕಡೆ ತಿರುಗಿದಳು. ಬಾಯಲ್ಲಿ ಹಾಗೆಂದರೂ, ಒಪ್ಪಿಸಿದ ವಸ್ತುವನ್ನು ಕೆಡಿಸಿಬಿಟ್ಟೆನಲ್ಲ ಎಂಬ ಸಂಕಟ ಅವಳ ಎದೆಯಿಂದ ಇಳಿಯಲಿಲ್ಲ.

ಅಕ್ಕ ತಮ್ಮ ಕಟ್ಟು ಹಾಕಿದ ಪತ್ರವನ್ನೂ ಹಿಡಿದುಕೊಂಡು ವಿಮಾನ ಹತ್ತಿದರು. ಗಂಡ ಅಂಗಡಿ ನೋಡಿಕೊಂಡು ಉಳಿದ. ಮರುದಿನ ಬೆಳಿಗ್ಗೆ ದಲ್ಲಾಳಿ ತನ್ನ ಕಾರಿನಲ್ಲಿ ಅವರನ್ನು ಜಾಗ ತೋರಿಸಲು ಕರೆದೊಯ್ದ. ಇಳಿಜಾರಾದ ಬಯಲು, ತಂತಿಬೇಲಿ, ಮುಖಕ್ಕೆ ಹೊಡೆಯುವ ಗಾಳಿ. ನೆಲದ ತುಂಬ ಕೊಯ್ಲಾದ ಪೈರಿನ ಕೂಳೆ.

"ಇಲ್ಲಿ ಯಾರೋ ಬೆಳೆ ತೆಗೆದಿದ್ದಾರಲ್ಲಪ್ಪ?" ಎಂದಳು.

"ಹಾಗೇ ಬೆಳ್ಕೊಂಡಿದೆ ಅಮ್ಮಾ. ಒಳ್ಳೆ ಮಣ್ಣು."

"ಸಾಲು ಸಾಲಾಗಿ ಬೆಳ್ಕೊಂಡಿದೆಯಾ?"

"ಅಕ್ಕ!" ಎಂದು ಬುಗುರಿ ತಡೆದ. "ನೀನು ಇಲ್ಲಿ ಗೋದಾಮು ನೋಡು. ಕೂಳೆ ನೋಡಬೇಡ."

ಅವಳು ಕಣ್ಣು ಕಿರಿದು ಮಾಡಿ ಗೋದಾಮು ನೋಡಲು ಪ್ರಯತ್ನಪಟ್ಟಳು. ಕಾಣಲಿಲ್ಲ. ವಯಸ್ಸಾಯಿತು, ಹೂಡಿಕೆಗೆ ಬೇಕಾದ ದೃಷ್ಟಿ ತನಗಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸಹಿ ಹಾಕುವುದು ಭೂದಾಖಲೆ ಕಚೇರಿಯಲ್ಲಿ ಇರಬೇಕು ಎಂದು ಅವಳು ತಿಳಿದಿದ್ದಳು. ಕಾರು ನಿಂತದ್ದು ಆ ಕಚೇರಿಯ ಎದುರು ಸಾಲಿನ ಕಾಫಿ ಅಂಗಡಿಯ ಮುಂದೆ. ಒಳಗೆ ಹೋಗುವುದೇ ಬೇಡ, ಕಾಗದಗಳೆಲ್ಲ ತನ್ನ ಚೀಲದಲ್ಲೇ ಇವೆ, ಇಲ್ಲೇ ಕೂತು ಎರಡು ಸಹಿ, ಒಂದು ಕಾಫಿ, ಮುಗಿಯಿತು ಎಂದ ದಲ್ಲಾಳಿ. ಬುಗುರಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.

ಕಟ್ಟಿನಕ್ಕ ಕಿಟಕಿಯಿಂದ ಎದುರಿನ ಕಟ್ಟಡ ನೋಡಿದಳು. ಜನ ಒಳಗೆ ಹೋಗಿಬಂದು ಮಾಡುತ್ತಿದ್ದರು. ಹೇಗೂ ಇಷ್ಟು ದೂರ ಬಂದದ್ದಾಗಿದೆ. ತಮ್ಮನ ಪತ್ರವನ್ನು ಕೆಡಿಸಿದವಳು ತಾನು. ಅಲ್ಲಿ ಕೇಳಿದರೆ ಅಂಚಿರುವ ಇನ್ನೊಂದು ಪ್ರತಿ ಕೊಡಲಾರರೇ?

"ನೀವು ಕಾಫಿ ಕುಡೀತಿರಿ. ನಾನು ಕೆಡಿಸಿದ್ದನ್ನ ನಾನೇ ಸರಿ ಮಾಡ್ಕೊಂಡು ಬರ್ತೀನಿ" ಎಂದು ಕಟ್ಟನ್ನು ಎತ್ತಿಕೊಂಡಳು.

"ಅಮ್ಮಾ, ಬೇಡಿ!" ದಲ್ಲಾಳಿ ಎದ್ದೇ ನಿಂತ. "ಅಲ್ಲಿ ಸರದಿ ಮೈಲುದ್ದ ಇರುತ್ತೆ. ಭಾಷೆ ಬೇರೆ ಬರಲ್ಲ ನಿಮಗೆ."

"ಸರದೀಲಿ ನಿಲ್ಲೋಕೆ ಯಾವ ಭಾಷೆ ಬೇಕು?"

ಸರದಿ ಅಷ್ಟೇನೂ ಉದ್ದವಿರಲಿಲ್ಲ. ಕಿಟಕಿಯ ಹಿಂದಿದ್ದ ಗುಮಾಸ್ತೆ ಕನ್ನಡಕವನ್ನು ಹಣೆಗೇರಿಸಿ, ಕಟ್ಟಿನ ಕುಸುರಿಯನ್ನು ಮೆಚ್ಚಿಕೊಂಡವಳಂತೆ ಮೊದಲು ನಕ್ಕಳು. ಆಮೇಲೆ ಕನ್ನಡಕ ಇಳಿಸಿ ಪತ್ರ ನೋಡಿದಳು. ನಗು ಹೋಯಿತು. ಗಾಜಿನ ಮೇಲೆ ಎಡ ಅಂಚಿಗೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದಳು. ಪಕ್ಕದವನನ್ನು ಕರೆದಳು. ಅವನು ಇನ್ನೊಬ್ಬನನ್ನು ಕರೆದ. ಮೂವರೂ ಸೇರಿ ಏನೋ ಕೇಳಿದರು. ಕಟ್ಟಿನಕ್ಕ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ, ತನ್ನ ಎದೆ ಮುಟ್ಟಿಕೊಂಡು, ಕತ್ತರಿಸಿದ್ದು ನಾನೇ ಎಂದು ತೋರಿಸಿದಳು. ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಕಾವಲಿನವನೊಬ್ಬ ಬಂದು, ಕಟ್ಟನ್ನು ತಾನು ಹಿಡಿದುಕೊಂಡು, ಮರ್ಯಾದೆಯಾಗಿಯೇ ಅವಳನ್ನು ಮೊದಲ ಮಹಡಿಯ ಕೋಣೆಯೊಂದಕ್ಕೆ ಕರೆದುಕೊಂಡು ಹೋದ.

ಕೋಣೆಯಲ್ಲಿ ಮೂವತ್ತೈದರ ಒಬ್ಬಳು ವಕೀಲೆ ಕೂತಿದ್ದಳು. ಕಚೇರಿಗೆ ಬಂದು ದಿಕ್ಕು ತಪ್ಪಿದವರಿಗೆ ದಾರಿ ಹೇಳಲು ಸರ್ಕಾರವೇ ನೇಮಿಸಿದವಳು. ಹಿಂದೆಯೇ ಬಂದ ಗುಮಾಸ್ತೆಯ ಜೊತೆ ಮಾತಾಡಿ, ಪತ್ರ ನೋಡಿ, ಕಟ್ಟಿನಕ್ಕನ ಪಾಸ್‌ಪೋರ್ಟು ನೋಡಿ, ತಟ್ಟನೆ ತಲೆ ಎತ್ತಿ ಕೇಳಿದಳು:

"ಏನೇ, ಯಾಕೆ ಕತ್ತರಿಸಿದೆ?"

ಕಟ್ಟಿನಕ್ಕ ಬೆಚ್ಚಿಬಿದ್ದಳು. ಈ ದೇಶದಲ್ಲಿ ತನ್ನ ಮಾತು! ಅದೂ ಮಗಳ ವಯಸ್ಸಿನವಳ ಬಾಯಲ್ಲಿ ‘ಏನೇ’!

"ತಪ್ಪು ತಿಳೀಬೇಡ" ಎಂದಳು ವಕೀಲೆ. "ನನ್ನಮ್ಮ ನಿಮ್ಮ ಕಡೆಯವಳು. ಅವಳು ನನ್ನ ಹತ್ತಿರ ಅಡುಗೆಮನೇಲಿ ಆಡಿದ ಮಾತು ಮಾತ್ರ ನಂಗೆ ಬರುತ್ತೆ. ಹೆಚ್ಚಾಗಿ ಬೈತಿದ್ದಳು. ಅದಕ್ಕೆ ಬೈಯೋದು ಚೆನ್ನಾಗಿ ಬರುತ್ತೆ, ಮರ್ಯಾದೆ ಕೊಡೋದು ಬರಲ್ಲ."

"ಬೈಯಮ್ಮ, ಪರವಾಗಿಲ್ಲ. ಅರ್ಥವಾದ್ರೆ ಸಾಕು."

ವಕೀಲೆ ಮೇಜಿನಿಂದ ಅದೇ ನಮೂನೆಯ ಖಾಲಿ ಹಾಳೆ ತೆಗೆದಳು. ಕಿಟಕಿಯಲ್ಲಿ ಕೇಳಿದವರಿಗೆಲ್ಲ ಕೊಡುವ ನಮೂನೆ ಅದು. ಎಡ ಅಂಚಿನಲ್ಲಿ ಅದೇ ಇರುವೆ ಸಾಲು. ಬೆರಳಿಟ್ಟು, ತಡವರಿಸುತ್ತಾ ಓದಿ ಹೇಳಿದಳು.

"‘ಈ ಕಾಗದ ಜಾಗ ಹಿಡಿದಿಡೋಕೆ ಮಾತ್ರ. ಇದರಿಂದ ನೆಲ ನಿಂದಾಗಲ್ಲ. ಬೇಸಾಯದ ನೆಲ ಹೊರದೇಶದೋರ ಹೆಸರಿಗೆ ಬರೆಯೋ ಹಾಗಿಲ್ಲ.’ ಕಾನೂನು ಇದನ್ನ ಹಾಕಲೇಬೇಕು ಅನ್ನುತ್ತೆ. ಇದನ್ನೇ ನೀನು ಕತ್ತರಿಸಿದ್ದೀಯ. ಬೇಕಂತ ಕತ್ತರಿಸಿದೋರನ್ನ ಇಲ್ಲಿ ಪೊಲೀಸಿಗೆ ಕೊಡ್ತಾರೆ."

ಕಟ್ಟಿನಕ್ಕ ಬಗ್ಗಿ ಆ ಇರುವೆ ಸಾಲನ್ನೇ ನೋಡಿದಳು. ಅಚ್ಚಿನವರ ಹೆಸರಲ್ಲವೇ? ಹಾಗಾದರೆ ಅವನೇಕೆ ಹಾಗೆಂದ? ಬೇಸಾಯದ ನೆಲವೇ? ಬಂದರಿನ ನೆಲವಲ್ಲವೇ? ಒಂದು ಎಳೆ ಹಿಡಿದರೆ ಇನ್ನೊಂದು ಕೈಬಿಡುತ್ತಿತ್ತು.

"ನಾನು ಎಲ್ಲಾ ಕಾಗದದ ಅಂಚೂ ಕತ್ತರಿಸ್ತೀನಮ್ಮ" ಎಂದಳು. "ಅದೇ ನನ್ನ ಕೆಲಸ. ನನ್ನ ಮದುವೆ ಫೋಟೋದ ಅಂಚೂ ಕತ್ತರಿಸಿದ್ದೀನಿ. ನಮ್ಮತ್ತೆ ಅರ್ಧ ಹೋದರು."

ವಕೀಲೆ ಅದನ್ನು ಹೇಗೆ ತಿರುಗಿಸಿ ಹೇಳಿದಳೋ, ಗುಮಾಸ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಕಟ್ಟಿನಕ್ಕನ ಬಲಗೈ ಹಿಡಿದು ತಿರುಗಿಸಿ, ಹೆಬ್ಬೆರಳಿನ ಬುಡದ ಜಡ್ಡನ್ನೂ ಹಳೆಯ ಗಾಯದ ಗೆರೆಗಳನ್ನೂ ನೋಡಿ, ಕಡತದಲ್ಲಿ ಏನೋ ಒಂದು ಸಾಲು ಬರೆದುಕೊಂಡು ಹೊರಟುಹೋದಳು. ಪೊಲೀಸರ ಮಾತು ಅಲ್ಲಿಗೆ ನಿಂತಿತು.

"ಈಗ ನನ್ನ ಜಾಗದ ವಿಷಯ ಹೇಳಮ್ಮ" ಎಂದಳು ಕಟ್ಟಿನಕ್ಕ.

ವಕೀಲೆ ಕಂಪ್ಯೂಟರಿನಲ್ಲಿ ಆ ಜಾಗದ ದಾಖಲೆ ತೆಗೆದು, ಹುಬ್ಬು ಗಂಟಿಕ್ಕಿದಳು. ಪತ್ರದಲ್ಲಿದ್ದ ದಲ್ಲಾಳಿಯ ಹೆಸರಾಗಲಿ, ಅವನ ನೆಂಟಸ್ತಿಕೆಯಾಗಲಿ ಆ ಕಚೇರಿಗೆ ಹೊಸದಲ್ಲ. ಕಾನೂನಿನ ಮಾತುಗಳು ಅವಳ ಅಮ್ಮನ ಅಡುಗೆಮನೆಯಲ್ಲಿ ಇರಲಿಲ್ಲ. ಇದ್ದುದರಲ್ಲೇ ಹೊಂದಿಸಿಕೊಂಡಳು.

"ನೋಡು. ಒಲೆ ಒಬ್ಬಂದು. ಆ ದಲ್ಲಾಳಿಯ ಭಾವಮೈದಂದು. ಪಾತ್ರೆಯೂ ಅವಂದೇ. ಹಿಟ್ಟು ನಿಂದು. ನೀನು ಹಿಟ್ಟು ಹಾಕ್ತೀಯ, ಅವನು ಬೇಯಿಸ್ತಾನೆ. ಬೆಂದ ಮೇಲೆ ನಿಂಗೂ ಕೊಡ್ತೀನಿ ಅಂತ ಒಂದು ಚೀಟಿ ಬರ್ಕೊಡ್ತಾನೆ. ಆ ಚೀಟಿ ಇಲ್ಲಿ ನಡೆಯಲ್ಲ. ಪಾತ್ರೇನ ಆಗಲೇ ಬ್ಯಾಂಕಲ್ಲಿ ಅಡ ಇಟ್ಟಿದ್ದಾನೆ. ಒಲೆ ಮುಂದೆ ಇನ್ಯಾರೋ ಗುತ್ತಿಗೆಗೆ ಕೂತಿದ್ದಾನೆ."

ಕಟ್ಟಿನಕ್ಕ ಕಣ್ಣು ಕಣ್ಣು ಬಿಟ್ಟಳು. ಒಲೆ ಯಾವುದು, ಪಾತ್ರೆ ಯಾವುದು, ಕೂಳೆ ಬಿಟ್ಟವನು ಯಾರು ಎಲ್ಲ ಕಲಸಿಹೋಯಿತು. ಕೊನೆಗೆ ತನಗೆ ತಿಳಿದ ದಾರಿಯಲ್ಲೇ ಕೇಳಿದಳು.

"ಇದೆಲ್ಲ ನನ್ನ ತಲೆಗೆ ಹತ್ತಲ್ಲಮ್ಮ. ನಾಳೆ ನಾನು ಆ ನೆಲದಲ್ಲಿ ಒಂದು ಗೂಟ ಹೊಡೆದೆ ಅಂತಿಟ್ಕೋ. ಅದನ್ನ ಯಾರು ಯಾರು ಬಂದು ಕೀಳಬಹುದು? ಅಷ್ಟು ಹೇಳು."

ವಕೀಲೆ ಮತ್ತೆ ದಾಖಲೆಯ ಕಡೆ ತಿರುಗಿ ಒಂದೊಂದೇ ಸಾಲು ನೋಡಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿದ್ದಂತೆ ಕಾಣಲಿಲ್ಲ.

"ಗುತ್ತಿಗೆಯವನು ಕೀಳ್ತಾನೆ. ಭಾವಮೈದ ಕೀಳ್ತಾನೆ. ಬ್ಯಾಂಕು ಕೀಳುತ್ತೆ. ಬೇಸಾಯದ ಇಲಾಖೆಯೋರು ಬಂದು ಕೀಳ್ತಾರೆ."

"ನಾನು?"

"ನೀನು ಹೊಡೀಬಹುದು."

ಕಟ್ಟಿನಕ್ಕ ಚೀಲದಿಂದ ಫೋನು ತೆಗೆದು ಗಂಡನಿಗೆ ಹಚ್ಚಿದಳು. ಒಲೆ, ಪಾತ್ರೆ, ಭಾವಮೈದ, ಗೂಟ ಎಲ್ಲವನ್ನೂ ಕೋಣೆ ಅದುರುವಂತೆ ಕೂಗಿ ಹೇಳಿದಳು. ಪಕ್ಕದ ಕೋಣೆಯವರು ಬಾಗಿಲಿನಿಂದ ಇಣುಕಿದರು. ಎಲ್ಲ ಮುಗಿದ ಮೇಲೆ ಆ ಕಡೆಯಿಂದ ಶಾಂತವಾದ ದನಿ ಬಂತು:

"ನಂಗೆ ಏನೂ ಕೇಳಿಸ್ಲಿಲ್ಲ. ಆದ್ರೆ ನೀನು ಸಹಿ ಹಾಕ್ಬೇಡ."

ಅಷ್ಟರಲ್ಲಿ ಅಕ್ಕ ಇನ್ನೂ ಬರಲಿಲ್ಲವೆಂದು ಬುಗುರಿ ಹುಡುಕಿಕೊಂಡು ಬಂದ. ಹಿಂದೆಯೇ ದಲ್ಲಾಳಿ. ಮೇಜಿನ ಮೇಲಿದ್ದ ಖಾಲಿ ನಮೂನೆ ಕಂಡದ್ದೇ ಅವನ ಮುಖದ ಬಣ್ಣ ಬದಲಾಯಿತು. ದನಿ ಮಾತ್ರ ಬದಲಾಗಲಿಲ್ಲ.

"ಮೇಡಂ, ನಾನು ಕೊಟ್ಟಾಗ ಪತ್ರ ಪೂರ್ತಿಯಾಗಿತ್ತು. ಎಚ್ಚರಿಕೆ ಸಾಲು ಸಮೇತ ಕೊಟ್ಟಿದ್ದೆ. ಕತ್ತರಿಸಿದ್ದು ಇವರೇ. ಓದ್ಕೊಳ್ಳೋದು ಅವರ ಜವಾಬ್ದಾರಿ."

"ಅಚ್ಚು ಹಾಕಿದೋರ ಹೆಸರು ಅಂದ್ರಲ್ಲಪ್ಪ?" ಎಂದಳು ಕಟ್ಟಿನಕ್ಕ. ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

ದಲ್ಲಾಳಿ ಬುಗುರಿಯ ಮುಖ ನೋಡಿದ. ಬುಗುರಿ ಅವನ ಮುಖ ನೋಡಿದ. ದಲ್ಲಾಳಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತೋ ಅಥವಾ ಬಡಿದುಕೊಂಡಂತೆ ಅವನಿಗನ್ನಿಸಿತೋ, "ಒಂದು ನಿಮಿಷ, ಈಗ ಬಂದೆ" ಎಂದು ಹೊರಗೆ ಹೋದವನು ಬರಲಿಲ್ಲ. ಕಿಟಕಿಯಿಂದ ನೋಡಿದರೆ ಕಾಫಿ ಅಂಗಡಿಯ ಮುಂದೆ ಕಾರೂ ಇರಲಿಲ್ಲ.

"ಲೋ" ಎಂದಳು ವಕೀಲೆ. ಬುಗುರಿ ಸುತ್ತಮುತ್ತ ನೋಡಿ, ಕರೆದದ್ದು ತನ್ನನ್ನೇ ಎಂದು ಖಚಿತಮಾಡಿಕೊಂಡ. "ಅವನಿಗೆ ಏನಾದ್ರೂ ಅಧಿಕಾರ ಪತ್ರ ಬರ್ಕೊಟ್ಟಿದ್ದೀಯಾ? ನನ್ನ ಬದಲು ನೀನು ಸಹಿ ಹಾಕು ಅಂತ?"

ಬುಗುರಿ ನೆಲ ನೋಡಿದ.

"ಬಾಯಿ ಬಿಡೋ."

"ಕೊಟ್ಟಿದ್ದೀನಿ. ಓಡಾಡೋದು ತಪ್ಪುತ್ತೆ ಅಂದ್ರು."

"ಜಾಗಕ್ಕೆ ಮಾತ್ರಾನಾ? ಖಾತೆಗೂ ಸೇರಿಸಿಯಾ?"

"ಖಾತೆಗೂ."

"ಯಾವ ಖಾತೆಗೆ?" ಎಂದಳು ಕಟ್ಟಿನಕ್ಕ. ತಮ್ಮ ಮುಖ ಆ ಕಡೆ ತಿರುಗಿಸಿದಾಗ ಅವಳಿಗೆ ಗೊತ್ತಾಯಿತು. ಗೋದಾಮಿನ ಖಾತೆ.

ವಕೀಲೆ ಗಡಿಯಾರ ನೋಡಿದಳು. ಇವತ್ತೇ ಆ ಅಧಿಕಾರವನ್ನು ರದ್ದು ಮಾಡಿ ಬರೆದುಕೊಟ್ಟರೆ, ಮೊಹರು ಬಿದ್ದ ಕೂಡಲೇ ತಾನೇ ಅದನ್ನು ಅವರ ಬ್ಯಾಂಕಿಗೆ ಕಳಿಸುವುದಾಗಿ ಹೇಳಿದಳು. ಅಷ್ಟರೊಳಗೆ ದಲ್ಲಾಳಿ ಊರಿನ ಯಾವ ಮೂಲೆಯಿಂದಲಾದರೂ ಹಣ ಎಳೆಯಬಹುದು. ಮೊದಲು ಯಾರ ಕಾಗದ ತಲುಪುವುದೋ ಅವರದ್ದು. ಮುಂಗಡ ಹೋದದ್ದು ಬಂದರೂ ಬರಬಹುದು, ಬರದೆಯೂ ಇರಬಹುದು. ಅದು ಬೇರೆ ಜಗಳ. ಹೀಗೆನ್ನುತ್ತಾ ಕಾಗದ ಟೈಪು ಮಾಡಿ, ಬುಗುರಿಯ ಮುಂದಿಟ್ಟಳು. ಕಾಯುವಾಗ ಸುಮ್ಮನಿರಲಾರದೆ ಬೈಯುತ್ತಲೇ ಇದ್ದಳು.

"ಬೇರೆ ದೇಶದಲ್ಲಿ ನೆಲ ಕೊಳ್ಳೋರು ಮೊದಲು ಈ ಕಚೇರಿಗೆ ತಾವೇ ಬರಬೇಕು. ನಮ್ಮ ಹೆಸರಿಗೆ ಬರೀಬಹುದಾ ಅಂತ ಕೇಳಬೇಕು. ಮಾರೋನು ತೋರಿಸಿದ ವಕೀಲನ್ನ ಇಟ್ಕೋಬಾರದು. ಓದೋಕೆ ಬರದ ಕಾಗದಾನ ಮಾರೋನಿಂದ ಓದಿಸ್ಕೋಬಾರದು. ನೆಲ ಮಾರಿದ ಮೇಲೆ ದುಡ್ಡು ವಾಪಸ್ ನಿಮ್ಮ ದೇಶಕ್ಕೆ ಹೋಗುತ್ತಾ ಕೇಳಬೇಕು. ಸತ್ರೆ ಯಾರಿಗೆ ಹೋಗುತ್ತೆ ಕೇಳಬೇಕು. ನಿಮಗೆ ಏನೂ ಕೇಳೋಕೆ ಬರಲ್ವಾ? ಬಾಯಲ್ಲಿ ಏನಿಟ್ಕೊಂಡಿದ್ರಿ?"

ಕಟ್ಟಿನಕ್ಕ ಬೆರಳು ಮಡಚಿ ಎಣಿಸುತ್ತಾ ಹೋಗಿ, ನಾಲ್ಕನೆಯದಕ್ಕೆ ಲೆಕ್ಕ ತಪ್ಪಿದಳು. ಆದರೆ ಅವಳ ಕಣ್ಣು ತಮ್ಮನ ಮೇಲಿತ್ತು. ಅವನು ಪೆನ್ನು ಹಿಡಿದಿದ್ದ, ಸಹಿ ಹಾಕುತ್ತಿರಲಿಲ್ಲ.

"ಹಾಕೋ" ಎಂದಳು.

"ಅಕ್ಕ, ಒಂದು ಸಲ ಅವರ ಹತ್ತಿರ ಮಾತಾಡಿ ನೋಡೋಣ. ಏನೋ ತಪ್ಪು ತಿಳುವಳಿಕೆ ಆಗಿರಬಹುದು."

"ಕಾರು ತಗೊಂಡು ಹೋದ್ನಲ್ಲೋ."

"ಪಾರ್ಕಿಂಗಿಗೆ ಹೋಗಿರಬಹುದು."

ಅವಳು ಎದ್ದು ಹೊರಗಿನ ಬೆಂಚಿಗೆ ಹೋಗಿ ಕುಳಿತಳು. ಅವನೂ ಬಂದು ಪಕ್ಕದಲ್ಲಿ ಕುಳಿತ. ಎದುರಿನ ಗೋಡೆಗೆ ಹಸಿರು ಬಣ್ಣ, ಒಂದು ಬೆಂಕಿ ಆರಿಸುವ ಕೆಂಪು ಕೊಳವೆ, ಅದರ ಪಕ್ಕ ಟೋಕನ್ ಸಂಖ್ಯೆ ತೋರಿಸುವ ಪರದೆ. ಪರದೆಯಲ್ಲಿ ಸಂಖ್ಯೆ ಎರಡು ಸಲ ಬದಲಾಯಿತು.

"ಇದಕ್ಕೆ ಸಹಿ ಹಾಕಿದ್ರೆ ನಾನು ಊರಿಗೆ ಏನಂತ ಹೋಗಲಿ?" ಎಂದ ಬುಗುರಿ. "ಪಂಪಿನ ಕೆಲಸ ಬಿಟ್ಟೆ. ಬೋರ್ಡು ಹಾಕಿದೆ."

"ಬೋರ್ಡು ತೆಗೆದು ಕೊಡು. ಒಳ್ಳೆ ಹಲಗೆ ಅದು."

ಅವನು ನಗಲಿಲ್ಲ. ಬೂಟಿನ ತುದಿಯಿಂದ ನೆಲ ಒತ್ತುತ್ತಾ, ಎಲ್ಲೋ ದೂರದಲ್ಲಿರುವವರಿಗೆ ಹೇಳುವಂತೆ ಹೇಳಿದ: "ನನ್ನ ಪಾಲಿನ ದುಡ್ಡು ನಾನು ಹಾಕೇ ಇಲ್ಲ ಅಕ್ಕ. ನನ್ನ ಹತ್ತಿರ ಎಲ್ಲಿತ್ತು? ಇನ್ನೊಬ್ಬರನ್ನ ಕರ್ಕೊಂಡು ಬಂದ್ರೆ ನನ್ನ ಅರ್ಧ ತಾನೇ ಹಾಕ್ತೀನಿ ಅಂದಿದ್ದ ಅವನು."

ಅವಳಿಗೆ ಮಾತು ಕೇಳಿಸಿತು, ಅರ್ಥ ಮಾತ್ರ ಬಂದು ಸೇರಲು ತಡವಾಯಿತು.

"ಇನ್ನೊಬ್ಬರು ಅಂದ್ರೆ ನಾನಾ?"

ಅವನು ತಲೆ ಆಡಿಸಿದ.

"ಗಿರಾಕಿ ಥರಾನಾ?"

"ನಿಂಗೂ ಒಳ್ಳೇದಾಗುತ್ತೆ ಅಂತ ನಂಬಿದ್ದೆ ಅಕ್ಕ. ಸತ್ಯವಾಗಿ ನಂಬಿದ್ದೆ. ಈಗಲೂ ಅರ್ಧ ನಂಬ್ತಿದ್ದೀನಿ. ಅದೇ ನಂಗೆ ಹೆದರಿಕೆ."

ಸಿಟ್ಟು ಬರಬೇಕಿತ್ತು. ಅವಳು ಒಳಗೆಲ್ಲ ಹುಡುಕಿದಳು. ಸಿಟ್ಟು ಇತ್ತು, ಆದರೆ ಯಾರ ಮೇಲೆ ಇಡಬೇಕೆಂದು ತಿಳಿಯಲಿಲ್ಲ. ಗುರುತಿಲ್ಲದ ದೇಶದಲ್ಲಿ, ಓದಲಾಗದ ಅಕ್ಷರಗಳ ನಡುವೆ ಈ ಬೆಂಚಿನ ಮೇಲೆ ಅವಳಿಗೆ ಪೂರ್ತಿ ಗುರುತಿದ್ದುದು ಈ ಒಂದು ಮುಖ ಎಂದು ತಿಳಿದಿದ್ದಳು. ಈಗ ಅದನ್ನೂ ಯಾರಾದರೂ ಓದಿ ಹೇಳಬೇಕಾಗಿತ್ತು. ಅವನು ಮೂರು ವರ್ಷದವನಿದ್ದಾಗ ಅವಳ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದ. ಆ ಮಗು, ಈ ಮನುಷ್ಯ, ಇಬ್ಬರೂ ಒಬ್ಬನೇ ಎನ್ನುವುದರಲ್ಲಿ ಅವಳಿಗೆ ಯಾವತ್ತೂ ಸಂದೇಹ ಬಂದಿರಲಿಲ್ಲ.

"ಆ ಗೋದಾಮಿನ ದುಡ್ಡು ಹೋದ್ರೆ ನಾನು ಮತ್ತೆ ಗರಗಸ ಹಿಡೀಬೇಕು" ಎಂದಳು. "ನನ್ನ ಕೈಲಿ ಆಗಲ್ಲ ಕಣೋ. ಅಷ್ಟೇ ನಂಗೆ ಗೊತ್ತಿರೋದು. ಮಿಕ್ಕಿದ್ದು ಯಾವುದೂ ಗೊತ್ತಿಲ್ಲ. ನಿನ್ನ ಮೇಲೆ ಸಿಟ್ಟು ಮಾಡ್ಕೋಬೇಕೋ ಬೇಡವೋ ಅದೂ ಗೊತ್ತಿಲ್ಲ."

ಬುಗುರಿ ಅಕ್ಕನ ಬಲಗೈ ನೋಡಿದ. ಮಣಿಕಟ್ಟು ಊದಿಕೊಂಡು ಬಳೆ ಒತ್ತಿತ್ತು. ಅವನು ಎದ್ದು ಒಳಗೆ ಹೋದ. ವಕೀಲೆಯ ದನಿ ಕೇಳಿಸಿತು, "ಇಲ್ಲಿ ಹಾಕೋ, ಇಲ್ಲೂ ಹಾಕು." ಆಮೇಲೆ ಮೂವರೂ ಕೆಳಗಿಳಿದು ಕಿಟಕಿಗೆ ಬಂದರು.

ಮೊಹರು ಹಾಕುವವನು ಊಟಕ್ಕೆ ಎದ್ದುಹೋಗಲು ಮೇಜಿನ ಸೆಳೆಖಾನೆಗೆ ಬೀಗ ಹಾಕುತ್ತಿದ್ದ. ವಕೀಲೆ ಅವನ ಭಾಷೆಯಲ್ಲೂ ಬೈಯಬಲ್ಲವಳೆಂದು ಆಗ ಗೊತ್ತಾಯಿತು. ಅವನು ಬೀಗ ತೆಗೆದು, ಕಾಗದ ಎಳೆದುಕೊಂಡು, ಮೇಲಿಂದ ಕೆಳಗೆ ಓದಿ, ಕೆಳಗಿನ ಖಾಲಿ ಗೆರೆಯ ಮೇಲೆ ಪೆನ್ನು ತಟ್ಟಿ ಏನೋ ಕೇಳಿದ.

"ರದ್ದು ಮಾಡೋನು ಇವನೇ ಅಂತ ಗುರುತಿಸೋರು ಒಬ್ಬರು ಬೇಕಂತೆ" ಎಂದಳು ವಕೀಲೆ. "ನೀನು ಸಹಿ ಹಾಕು. ನೀನು ಇವನಿಗೆ ಏನಾಗಬೇಕು ಅಂತ ಕೇಳ್ತಿದ್ದಾನೆ. ಏನು ಬರೀಲಿ? ಪಾಲುದಾರಳು ಅಂತ ಬರೀಬಹುದು, ಖಾತೆ ಜಂಟಿ ಇದೆಯಲ್ಲ. ದೂರು ಕೊಡೋಳು ಅಂತಲೂ ಬರೀಬಹುದು. ನಿಂಗೆ ಮೋಸ ಆಗಿದೆ, ಮುಂದೆ ಕೇಸು ಹಾಕೋದಾದ್ರೆ ಅದೇ ಒಳ್ಳೇದು."

ಹಿಂದೆ ಸರದಿಯಲ್ಲಿದ್ದವರು ಗೊಣಗತೊಡಗಿದರು. ಮೊಹರಿನವನು ಗಡಿಯಾರ ನೋಡಿದ. ಬುಗುರಿ ಕಿಟಕಿಯ ಕಟ್ಟೆಯನ್ನೇ ನೋಡುತ್ತಿದ್ದ.

ಕಟ್ಟಿನಕ್ಕ ಪೆನ್ನು ತೆಗೆದುಕೊಂಡಳು. ಬೆರಳುಗಳು ಬಿಗಿಯಾಗಿ ಹಿಡಿಯಲು ಒಪ್ಪಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಿಧಾನವಾಗಿ ಹೆಸರು ಬರೆದಳು. ಬರೆದಾದ ಮೇಲೆ ಪೆನ್ನನ್ನು ವಕೀಲೆಯ ಕೈಗಿಟ್ಟಳು.

"ಅಕ್ಕ ಅಂತ ಬರಿ" ಎಂದಳು. "ಕೇಸಿನ ವಿಷಯ ಆಮೇಲೆ ಯೋಚನೆ ಮಾಡ್ತೀನಿ."